ಹುಬ್ಬಳ್ಳಿಯ ಒಂದು ಈಜು ತರಬೇತಿ: ಕೊಳ ಸಾಧಾರಣ, ಕೋಚ್ ಅಸಾಧಾರಣ

ಏಪ್ರಿಲ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಈಜು ಶಿಬಿರಗಳ ಫಲಕಗಳು ಒಂದರ ಹಿಂದೊಂದು ಕಾಣಿಸಿಕೊಳ್ಳುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಬೇಸಿಗೆ ರಜೆ ಮುಗಿಯುವುದರೊಳಗೆ ಮಗುವನ್ನು ಈಜುಗಾರನನ್ನಾಗಿ ಮಾಡಿಕೊಡುವ ಭರವಸೆ ನೀಡುತ್ತವೆ. ನಾನು ಇಲ್ಲಿ ವಿಮರ್ಶಿಸುತ್ತಿರುವ ತರಬೇತಿ ಅಂಥ ಯಾವ ಭರವಸೆಯನ್ನೂ ಕೊಡುವುದಿಲ್ಲ. ಹುಬ್ಬಳ್ಳಿಯ ಬಡಾವಣೆಯೊಂದರ 25 ಮೀಟರ್ ಖಾಸಗಿ ಕೊಳದಲ್ಲಿ, ರೈಲ್ವೆಯಿಂದ ನಿವೃತ್ತರಾದ ಕೋಚ್ ಒಬ್ಬರು ಇದನ್ನು ನಡೆಸುತ್ತಾರೆ. ಹೆಸರು ಬರೆಯುವುದು ಬೇಡವೆಂದು ಅವರೇ ಕೇಳಿಕೊಂಡರು. ಬ್ಯಾಚ್ ತುಂಬಿರುವಾಗ ಮನೆತನಕ ಹುಡುಕಿಕೊಂಡು ಬಂದವರನ್ನು ಹಿಂದಕ್ಕೆ ಕಳಿಸಲು ಅವರಿಗೆ ಸಂಕೋಚವಂತೆ. ಈಜು ಕಲಿಸುವವರ ವಲಯದಲ್ಲಿ ವಿಚಾರಿಸಿದರೆ ಪತ್ತೆ ಹಚ್ಚುವುದು ಕಷ್ಟವಾಗಲಾರದು.

ಅವರ ಕಲಿಸುವ ಕ್ರಮ ಅರ್ಥವಾಗಬೇಕಾದರೆ ಅವರು ಬಂದ ದಾರಿಯನ್ನು ತಿಳಿಯಬೇಕು. ಕಲಘಟಗಿ ಕಡೆಯ ಹಳ್ಳಿಯೊಂದರ ಕೆರೆಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಸು ಕಲಿತವರು ಅವರು. ಕೆರೆಯಲ್ಲಿ ಕಲಿತ ಎಲ್ಲರಂತೆ ತಲೆಯನ್ನು ನೀರಿನ ಮೇಲಿಟ್ಟುಕೊಂಡೇ ಈಜುತ್ತಿದ್ದರು. ತೋಳಿನ ಬಲದಿಂದಲೇ ಗೆದ್ದು ಕ್ರೀಡಾ ಕೋಟಾದಲ್ಲಿ ರೈಲ್ವೆ ಸೇರಿದ ಮೇಲೆ, ತನಗಿಂತ ತೆಳ್ಳಗಿನ ಹುಡುಗರು ತನ್ನನ್ನು ಸಲೀಸಾಗಿ ಹಿಂದೆ ಹಾಕುವುದನ್ನು ಕಂಡು ಕಾರಣ ಹುಡುಕತೊಡಗಿದರು. ತಲೆ ಮೇಲೆದ್ದರೆ ಸೊಂಟ ಮತ್ತು ಕಾಲು ಕೆಳಗಿಳಿಯುತ್ತವೆ, ಇಳಿದ ದೇಹ ನೀರಿಗೆ ಗೋಡೆಯಂತೆ ಅಡ್ಡ ನಿಲ್ಲುತ್ತದೆ ಎಂಬ ಸರಳ ಸಂಗತಿಯನ್ನು ಅವರಿಗೆ ಯಾರೋ ಹೇಳುವ ಹೊತ್ತಿಗೆ ಇಪ್ಪತ್ತು ದಾಟಿತ್ತು, ಮತ್ತು ಅಷ್ಟು ವರ್ಷದ ರೂಢಿಯನ್ನು ಬಿಡಿಸಿಕೊಳ್ಳುವುದರಲ್ಲೇ ಸ್ಪರ್ಧೆಯ ಒಳ್ಳೆಯ ವರ್ಷಗಳು ಕಳೆದುಹೋದವು. ಹೇಳಿಕೊಳ್ಳುವಂಥ ಪದಕ ಬರಲಿಲ್ಲ. ಆಮೇಲೆ ಅವರು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಕೋಚಿಂಗ್ ಡಿಪ್ಲೊಮಾ ಮುಗಿಸಿ ಬಂದರು. ದೇಶದ ಕೋಚ್‌ಗಳನ್ನು ತಯಾರು ಮಾಡಲೆಂದೇ 1961ರಲ್ಲಿ ಆರಂಭವಾದ ಸಂಸ್ಥೆ ಅದು.

ಹೀಗಾಗಿ ಇಲ್ಲಿ ಮೊದಲ ವಾರಗಳಲ್ಲಿ ಯಾರೂ ಕೈ ಬಡಿಯುವುದಿಲ್ಲ. ಮುಖ ಮುಳುಗಿಸಿ ಗುಳ್ಳೆ ಬಿಡುವುದು, ಅಂಗಾತ ಮತ್ತು ಬೋರಲು ತೇಲುವುದು, ಗೋಡೆಯನ್ನು ಒದ್ದು ಬಾಣದಂತೆ ಜಾರಿ ಸುಮ್ಮನೆ ನಿಲ್ಲುವುದು, ಇಷ್ಟೇ. ದಂಡೆಯ ಮೇಲೆ ಕುಳಿತ ಪಾಲಕರು, ಪಕ್ಕದ ಶಿಬಿರದ ಮಕ್ಕಳು ಆಗಲೇ ಕೊಳದ ಉದ್ದ ದಾಟುತ್ತಿದ್ದಾರೆಂದು ಗೊಣಗುತ್ತಾರೆ. ಕೋಚ್ ಮಾತ್ರ ನೀರಿನಲ್ಲಿ ಎದೆಮಟ್ಟ ನಿಂತು, "ಕುತ್ತಿಗಿ ಎತ್ತಬ್ಯಾಡ ತಂಗಿ, ಕೆಳಗಿನ ಟೈಲ್ಸ್ ಎಣಸು" ಎಂಬ ಒಂದೇ ಮಾತನ್ನು ಬೇಸರವಿಲ್ಲದೆ ಹೇಳುತ್ತಲೇ ಇರುತ್ತಾರೆ. ನನ್ನ ಮಗಳು ಒಂದಾದ ಮೇಲೊಂದು ಕೈ ಬೀಸುವ ಫ್ರೀಸ್ಟೈಲ್ ಈಜಿಗೆ ತೀರಾ ತಡವಾಗಿ ಬಂದಳು, ಆದರೆ ಬಂದ ದಿನದಿಂದ ಏದುಸಿರು ಬಿಟ್ಟಿದ್ದನ್ನು ನಾನು ನೋಡಿಲ್ಲ.

ಶುಲ್ಕಕ್ಕೆ ನಿಜವಾದ ಬೆಲೆ ಬರುವುದು ಶನಿವಾರದ ತರಗತಿಯಲ್ಲಿ. ಅಂದು ಅವರು ನೀರು ಹೊಗದ ಪುಟ್ಟ ಕ್ಯಾಮೆರಾವನ್ನು ಕೊಳದೊಳಗೆ ಹಿಡಿದು ಪ್ರತಿ ಮಗುವಿನ ಕೈಯ ಚಲನೆಯನ್ನು ಚಿತ್ರೀಕರಿಸುತ್ತಾರೆ, ಆಮೇಲೆ ನೆರಳಿನಲ್ಲಿ ಕೂರಿಸಿ ತೋರಿಸುತ್ತಾರೆ. ಈ ಪದ್ಧತಿಯ ಹಿರಿಯರೆಂದರೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕೋಚ್ ಜೇಮ್ಸ್ ಕೌನ್ಸಿಲ್‌ಮನ್. ಈಜುಗಾರರನ್ನು ನೀರಿನಡಿಯಿಂದ ಚಿತ್ರೀಕರಿಸಿ ಅಧ್ಯಯನ ಮಾಡಿದ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಏಳು ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಜ್‌ಗೆ ಗುರುವಾಗಿದ್ದ, 1976ರ ಮಾಂಟ್ರಿಯಲ್‌ನಲ್ಲಿ ಪುರುಷರ 13 ಸ್ಪರ್ಧೆಗಳಲ್ಲಿ 12 ಚಿನ್ನ ತಂದ ಅಮೆರಿಕ ತಂಡವನ್ನು ನಡೆಸಿದ, 1979ರಲ್ಲಿ ತಮ್ಮ 58ನೆಯ ವಯಸ್ಸಿನಲ್ಲಿ ಇಂಗ್ಲಿಷ್ ಕಾಲುವೆಯನ್ನು ಸ್ವತಃ ಈಜಿ ದಾಟಿದ ಮನುಷ್ಯ ಅವರು. ಕೌನ್ಸಿಲ್‌ಮನ್ನರನ್ನು ನಮ್ಮ ಕೋಚ್ ಪೂಜಿಸುತ್ತಾರೆ, ಆದರೆ ಕುರುಡಾಗಿ ಅಲ್ಲ. ಕೈ ವಿಮಾನದ ರೆಕ್ಕೆಯಂತೆ ಕೆಲಸ ಮಾಡುತ್ತದೆ, ಆದ್ದರಿಂದ ನೀರಿನೊಳಗೆ ಕೈಯನ್ನು ಬಳುಕಿಸುತ್ತ ಎಳೆಯಬೇಕು ಎಂಬ ಕೌನ್ಸಿಲ್‌ಮನ್ನರ ವಿವರಣೆ ಒಂದು ಕಾಲದಲ್ಲಿ ಎಲ್ಲೆಡೆ ಪಾಠವಾಗಿತ್ತು. ನಂತರದ ಸಂಶೋಧಕರು ಅದನ್ನು ಪ್ರಶ್ನಿಸಿದರು. ನಮ್ಮ ಕೋಚ್ ಕೂಡ ಮೊದಲು ಕೈ ಬಳುಕಿಸುವುದನ್ನೇ ಕಲಿಸುತ್ತಿದ್ದರು, ಈಗ ಮೊಣಕೈಯನ್ನು ಎತ್ತರದಲ್ಲಿಟ್ಟು ನೀರನ್ನು ನೇರ ಹಿಂದಕ್ಕೆ ತಳ್ಳಲು ಕಲಿಸುತ್ತಾರೆ. ಅರವತ್ತು ದಾಟಿದ ಮೇಲೂ ತಾನು ಕಲಿತ ಪಾಠವನ್ನು ತಿದ್ದಿಕೊಳ್ಳುವ ಕೋಚ್ ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ.

ಪಾಲಕರ ಆಸೆಗೆ ಅವರು ನೀರೆರೆಯುವುದೂ ಇಲ್ಲ. ಇಲ್ಲಿ 100 ಮೀಟರ್ ಈಜಲು ಮೂರು ಸಲ ತಿರುಗಬೇಕು. ಪ್ರತಿ ತಿರುವಿನಲ್ಲೂ ಗೋಡೆಯನ್ನು ಒದ್ದು ವೇಗ ಪಡೆಯಬಹುದು. 50 ಮೀಟರಿನ ಒಲಿಂಪಿಕ್ ಕೊಳದಲ್ಲಿ ತಿರುವು ಒಂದೇ. ಆದ್ದರಿಂದ ಇಲ್ಲಿನ ಸಮಯವನ್ನು ದೊಡ್ಡ ಕೊಳದ ದಾಖಲೆಗಳೊಂದಿಗೆ ಹೋಲಿಸಿ ಹಿಗ್ಗಬೇಡಿ ಎಂದು ಅವರು ಮುಖಕ್ಕೆ ಹೊಡೆದಂತೆ ಹೇಳುತ್ತಾರೆ. ಸ್ಪರ್ಧೆಯ ಕಸುವು ಕಂಡ ಮಗುವನ್ನು ತಮ್ಮಲ್ಲೇ ಹಿಡಿದಿಟ್ಟುಕೊಳ್ಳದೆ, ಬೆಂಗಳೂರಿಗೆ ಕಳಿಸಿ ಎಂದು ಸೂಚಿಸುತ್ತಾರೆ. ಅದಕ್ಕೆ ಅವರು ಕೊಡುವ ಉದಾಹರಣೆ ನಮ್ಮ ನೆರೆಯ ಕೊಲ್ಹಾಪುರದ ವೀರಧವಳ ಖಾಡೆಯವರದು. ಬೆಂಗಳೂರಿನಲ್ಲಿ ಕೋಚ್ ನಿಹಾರ್ ಅಮೀನ್ ಅವರ ಬಳಿ ಪಳಗಿದ ಆ ಹುಡುಗ 16ನೆಯ ವಯಸ್ಸಿಗೇ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಈಜಿದ, 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 50 ಮೀಟರ್ ಬಟರ್‌ಫ್ಲೈನಲ್ಲಿ ಕಂಚು ಗೆದ್ದ. 1986ರಲ್ಲಿ ಖಜಾನ್ ಸಿಂಗ್ ಬೆಳ್ಳಿ ಗೆದ್ದ ಮೇಲೆ ಭಾರತಕ್ಕೆ ಆ ಕೂಟದ ಈಜಿನಲ್ಲಿ ಬಂದ ಮೊದಲ ಪದಕ ಅದು. ಅಮೀನ್ ಅವರಿಗೆ 2015ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಸಂದಿತು.

ಹಾಗಾದರೆ ಈ ಕೋಚ್ ಯಶಸ್ವಿಯೇ? ಕಚೇರಿಯ ಗೋಡೆಯ ಮೇಲೆ ಪದಕ ಹಿಡಿದ ಶಿಷ್ಯರ ಒಂದು ಫೋಟೋ ಸಹ ಇಲ್ಲ. ಆದರೆ ಬೆಳಗಿನ ಹತ್ತು ಗಂಟೆಯ ಮಹಿಳೆಯರ ಬ್ಯಾಚ್ ನಡೆಸುವವರು ಅವರಲ್ಲೇ ಕಲಿತ ಹೆಣ್ಣುಮಗಳು. ನಲವತ್ತು ದಾಟಿದ ಗೃಹಿಣಿಯರು ಅಲ್ಲಿ ಆಳದ ತುದಿಯಲ್ಲಿ ನಿರ್ಭಯವಾಗಿ ತೇಲುತ್ತಾರೆ. ನನ್ನ ಲೆಕ್ಕದಲ್ಲಿ ಈ ಒಂದು ಬ್ಯಾಚ್ ಸಾಕು.

ಕೊಳದ ಬಗ್ಗೆ ಇಷ್ಟು ಒಳ್ಳೆಯ ಮಾತು ಬರೆಯಲಾರೆ. ಬಟ್ಟೆ ಬದಲಿಸುವ ಕೋಣೆ ಇಕ್ಕಟ್ಟು, ಚಿಲಕಗಳು ಸಡಿಲ. ಭಾನುವಾರ ಸಾರ್ವಜನಿಕರಿಗೆ ಬಿಟ್ಟ ಮರುದಿನ ನೀರು ಮಬ್ಬಾಗಿರುತ್ತದೆ; ಕಣ್ಣು ಉರಿಸುವ ಆ ಘಾಟು ಕ್ಲೋರಿನ್ ಹೆಚ್ಚಾದುದರ ಗುರುತೆಂದು ಜನ ತಿಳಿಯುತ್ತಾರೆ, ವಾಸ್ತವದಲ್ಲಿ ಅದು ಬೆವರು ಮತ್ತು ಮೂತ್ರದೊಂದಿಗೆ ಬೆರೆತ ಕ್ಲೋರಿನ್ನಿನ ವಾಸನೆ. ಸ್ನಾನ ಮಾಡದೆ ನೀರಿಗಿಳಿಯುವವರನ್ನು ತಡೆಯಲು ಸಿಬ್ಬಂದಿ ಇಲ್ಲ. ನಲ್ಲಿ ನೀರಿಗಾಗಿ ದಿನಗಟ್ಟಲೆ ಕಾಯುವ ಬಡಾವಣೆಗಳಿರುವ ಊರಿನಲ್ಲಿ ಕೊಳವನ್ನು ಪದೇ ಪದೇ ಖಾಲಿ ಮಾಡಿ ತುಂಬಿಸಿ ಎಂದು ಕೇಳಲು ನನಗೂ ಬಾಯಿ ಬರುವುದಿಲ್ಲ, ಆದರೆ ಸೋಸುವ ಯಂತ್ರವನ್ನಾದರೂ ಸರಿಯಾಗಿ ನಡೆಸಬಹುದು. ಮಧ್ಯದಲ್ಲಿ ಬಿಟ್ಟರೆ ಶುಲ್ಕ ಹಿಂದಿರುಗಿಸುವುದಿಲ್ಲ ಎಂಬ ನಿಯಮವೂ ಕೊಳದ ಮಾಲೀಕರದೇ, ಕೋಚ್ ಅವರದಲ್ಲ.

ಶುಲ್ಕ ತಿಂಗಳಿಗೆ 2,500 ರೂಪಾಯಿ. ಗಾಗಲ್ಸ್ ಮತ್ತು ಕ್ಯಾಪ್ ನಾವೇ ಒಯ್ಯಬೇಕು, ಹಿಡಿದುಕೊಂಡು ಕಾಲು ಬಡಿಯುವ ತೇಲುಹಲಗೆಯನ್ನು (ಕಿಕ್ ಬೋರ್ಡ್) ಅಲ್ಲಿಯೇ ಕೊಡುತ್ತಾರೆ. ಮೇ ತಿಂಗಳಲ್ಲಿ ಸೇರಿದರೆ ಗದ್ದಲದಲ್ಲಿ ಮಗುವಿಗೆ ಸಿಗುವ ಗಮನ ಕಡಿಮೆ; ದೀಪಾವಳಿಯ ನಂತರ, ಸಂಜೆಯ ಬ್ಯಾಚಿಗೆ ಹೆಸರು ಬರೆಸುವುದು ಮೇಲು.