ಅನುಕಲನಕ್ಕೆ ಸಮ್‌ಪ್ರಾಡಕ್ಟ್: ವರ್ಷಗಟ್ಟಲೆ ಬಳಸಿದ ಮೇಲೆ

ಎಕ್ಸೆಲ್‌ನಲ್ಲಿ ನೂರಾರು ಫಂಕ್ಷನ್‌ಗಳಿವೆ, ಅನುಕಲನಕ್ಕೆಂದೇ, ಅಂದರೆ ರೇಖೆಯ ಕೆಳಗಿನ ವಿಸ್ತೀರ್ಣ ಲೆಕ್ಕ ಹಾಕಲೆಂದೇ, ಒಂದೂ ಇಲ್ಲ. ಆ ಕೊರತೆಯನ್ನು ನಾನು ವರ್ಷಗಳಿಂದ ಸಮ್‌ಪ್ರಾಡಕ್ಟ್‌ನಿಂದ ನೀಗಿಸಿಕೊಳ್ಳುತ್ತಿದ್ದೇನೆ; ಅದು ಎರಡು ಪಟ್ಟು ಸಂಖ್ಯೆಗಳನ್ನು ಜೋಡಿಜೋಡಿಯಾಗಿ ಗುಣಿಸಿ ಮೊತ್ತ ಕೊಡುವ ಫಂಕ್ಷನ್. ಎ ಕಾಲಂನಲ್ಲಿ ಎಕ್ಸ್ ಬೆಲೆಗಳು, ಬಿ ಕಾಲಂನಲ್ಲಿ ವೈ ಬೆಲೆಗಳು. ಎ3ರಿಂದ ಎ12ರವರೆಗಿನ ಬೆಲೆಗಳಲ್ಲಿ ಎ2ರಿಂದ ಎ11ರವರೆಗಿನವನ್ನು ಕಳೆದರೆ, ರೇಖೆಯ ಕೆಳಗಿನ ಜಾಗವನ್ನು ಹೋಳು ಮಾಡಿದ ಪಟ್ಟಿಗಳ ಅಗಲ ಸಿಗುತ್ತದೆ. ಬಿ ಕಾಲಂನಲ್ಲಿ ಅವೇ ಸಾಲುಗಳನ್ನು ಕೂಡಿಸಿದರೆ ಎರಡು ಬದಿಗಳ ಎತ್ತರದ ಮೊತ್ತ. ಇವೆರಡನ್ನೂ ಸಮ್‌ಪ್ರಾಡಕ್ಟ್‌ಗೆ ಕೊಟ್ಟು 2ರಿಂದ ಭಾಗಿಸಿದರೆ ಆಯಿತು. ಶಾಲೆಯಲ್ಲಿ ಕಲಿತ ತ್ರಾಪಿಜ್ಯದ ವಿಸ್ತೀರ್ಣವೇ ಇದು, ಆದರೆ ಒಂದೇ ಸೆಲ್‌ನಲ್ಲಿ.

ನನಗೆ ಇದು ಹಿಡಿಸಿದ್ದು ಅಳತೆಯ ದತ್ತಾಂಶಕ್ಕೆ. ಅಂತರಗಳು ಏರುಪೇರಾಗಿದ್ದರೂ ತಕರಾರಿಲ್ಲ. ರೇಖೆಯ ತುಂಡುಗಳನ್ನು ನೇರಗೆರೆಯ ಬದಲು ಪರವಲಯವೆಂದು ಬಗೆಯುವ ಸಿಂಪ್ಸನ್ ನಿಯಮ ಹೆಚ್ಚು ನಿಖರ, ನಿಜ. ಆದರೆ ಅದಕ್ಕೆ ಸಮ ಅಂತರ ಬೇಕು, ಪಟ್ಟಿಗಳೂ ಸಮಸಂಖ್ಯೆಯಲ್ಲಿರಬೇಕು. ಅಳತೆಗಳು ನಮ್ಮ ಮಾತು ಎಲ್ಲಿ ಕೇಳುತ್ತವೆ?

ನಿಖರತೆಯ ವಿಷಯಕ್ಕೆ ಬಂದರೆ, ಎಕ್ಸ್ ವರ್ಗವನ್ನು 0ಯಿಂದ 1ರವರೆಗೆ 10 ಪಟ್ಟಿಗಳಲ್ಲಿ ಕೂಡಿಸಿದಾಗ 0.335 ಬರುತ್ತದೆ, ನಿಜವಾದ ಉತ್ತರ ಮೂರನೇ ಒಂದು. ಪಟ್ಟಿಗಳನ್ನು 20 ಮಾಡಿದರೆ 0.33375, ಅಂದರೆ ದೋಷ ಕಾಲು ಭಾಗಕ್ಕೆ ಇಳಿಯುತ್ತದೆ. ಹೊಸ ರೇಖೆ ಎದುರಾದಾಗಲೆಲ್ಲ ನಾನು ಮಾಡುವ ಪರೀಕ್ಷೆ ಇದೇ: ಅಂತರವನ್ನು ಅರ್ಧಕ್ಕಿಳಿಸಿ ಉತ್ತರ ಎಷ್ಟು ಅಲುಗುತ್ತದೆಂದು ನೋಡುವುದು. ವರ್ಗಮೂಲದ ರೇಖೆ ಸೊನ್ನೆಯ ಬಳಿ ಕಡಿದಾಗಿ ಏರುವುದರಿಂದ ಅಲ್ಲಿ ದೋಷ ಪ್ರತಿ ಸಲ ಸುಮಾರು 2.8 ಪಟ್ಟು ಮಾತ್ರ ಕುಗ್ಗುತ್ತದೆ.

ಇದರ ದೊಡ್ಡ ದುರ್ಗುಣ ಮೌನ. ಬಿ ಕಾಲಂನಲ್ಲಿ ಒಂದು ಸೆಲ್ ಖಾಲಿ ಇದ್ದರೆ ಅದನ್ನು ಸೊನ್ನೆ ಎಂದೇ ಲೆಕ್ಕ ಹಾಕಿ, ಏನೂ ಆಗದಂತೆ ಉತ್ತರ ಕೊಡುತ್ತದೆ. ಅಕ್ಕಪಕ್ಕದ ಎರಡು ಪಟ್ಟಿಗಳು ಕೆಟ್ಟಿರುವುದು ಗೊತ್ತೇ ಆಗುವುದಿಲ್ಲ. ಅಂಥ ಸಾಲನ್ನು ಪೂರ್ತಿ ಅಳಿಸಿಬಿಡುವುದು ವಾಸಿ. ಹೇಗೂ ಅಂತರ ಸಮನಾಗಿರಬೇಕಿಲ್ಲವಲ್ಲ.

ಇನ್ನೊಂದು ತೊಡಕು ಸಮ್‌ಪ್ರಾಡಕ್ಟ್‌ನದಲ್ಲ, ಎಕ್ಸೆಲ್‌ನದು. ಅದು ಘಾತಕ್ಕಿಂತ ಮೊದಲು ಋಣ ಚಿಹ್ನೆಯನ್ನು ಗಮನಿಸುತ್ತದೆ. ಗಂಟೆಯಾಕಾರದ ರೇಖೆಗಾಗಿ (e ಸಂಖ್ಯೆಯ ಘಾತ ಮೈನಸ್ ಎಕ್ಸ್ ವರ್ಗ) ಎಕ್ಸ್ ವರ್ಗಕ್ಕೆ ಮೊದಲು ಬರಿಯ ಮೈನಸ್ ಹಾಕಿದರೆ ಅದು ಧನವಾಗಿಬಿಡುತ್ತದೆ. 0ಯಿಂದ 1ರವರೆಗೆ 0.75ರ ಆಸುಪಾಸು ಬರಬೇಕಾದದ್ದು 1.46 ದಾಟುತ್ತದೆ. ವರ್ಗವನ್ನು ಆವರಣದೊಳಗಿಟ್ಟು ಮೈನಸ್ಸನ್ನು ಹೊರಗಿಡಬೇಕು.

ಹೊಸ ಆವೃತ್ತಿಗಳಲ್ಲಿ ಲ್ಯಾಂಬ್ಡಾ (ನಮ್ಮದೇ ಫಂಕ್ಷನ್ ಕಟ್ಟುವ ಸೌಲಭ್ಯ) ಬಳಸಿ ಇಡೀ ಸೂತ್ರಕ್ಕೆ ಒಂದು ಹೆಸರು ಕೊಟ್ಟಿಡಬಹುದು. ಹಳೆಯ ಆವೃತ್ತಿ ಇರುವವರಿಗೆ ಕಡತ ಕಳುಹಿಸುವಾಗ ಮಾತ್ರ ನಾನು ಮೂಲ ಸೂತ್ರವನ್ನೇ ಬರೆದು ಕೊಡುತ್ತೇನೆ.