ಅಕ್ಕನ ಹಾರ್ಟ್ ಆಪರೇಷನ್, ಬೆಂಗಳೂರು ಜಯದೇವ ಆಸ್ಪತ್ರೆ

ನಮ್ಮಕ್ಕಂಗೆ ನಾಲ್ಕು ಮೆಟ್ಲು ಹತ್ತಿದ್ರೆ ಉಬ್ಸ ಬರ್ತಿತ್ತು, ಊರಲ್ಲಿ ಒಬ್ರು ಡಾಕ್ಟ್ರು ವರ್ಷಗಟ್ಲೆ ಆಸ್ತಮಾ ಅಂತ ಇನ್ಹೇಲರ್ ಕೊಟ್ಟು ಕಳಿಸ್ತಿದ್ರು, ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ. ಬನ್ನೇರುಘಟ್ಟ ರೋಡ್ ಜಯದೇವದಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿದ್ಮೇಲೇ ಗೊತ್ತಾಗಿದ್ದು ಇದು ಲುಟೆಂಬಾಕರ್ ಸಿಂಡ್ರೋಮ್ ಅಂತ. ಅಂದ್ರೆ ಹೃದಯದ ಮೇಲಿನ ಎರಡು ಕೋಣೆ ಮಧ್ಯೆ ಹುಟ್ಟಿನಿಂದ್ಲೇ ತೂತು, ಜೊತೆಗೆ ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ವಾಲ್ವ್ (ಎಡಗಡೆ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ರಕ್ತ ಬಿಡೋ ಬಾಗಿಲು) ಕಿರಿದಾಗಿರೋದು, ಎರಡೂ ಒಬ್ರಿಗೇ ಇರೋದು ತುಂಬಾ ಅಪರೂಪ. ವಾಲ್ವಿಂದ ಕೆಳಗಿಳಿಯಕ್ಕಾಗದ ರಕ್ತ ಆ ತೂತಲ್ಲಿ ಬಲಗಡೆಗೆ ನುಗ್ಗಿ ನುಗ್ಗಿ ಬಲಭಾಗ ಊದ್ಕೊಂಡಿತ್ತು. ಕೆಲವ್ರಿಗೆ ಬಲೂನಲ್ಲಿ ವಾಲ್ವ್ ಅಗಲ ಮಾಡಿ, ತೂತು ಮುಚ್ಚಕ್ಕೆ ಡಿವೈಸ್ ಹಾಕಿ ಸರಿ ಮಾಡ್ತಾರೆ, ಅಕ್ಕನ ವಾಲ್ವಲ್ಲಿ ಕ್ಯಾಲ್ಸಿಯಂ ಕಟ್ಕೊಂಡಿತ್ತು ಅದಕ್ಕೆ ಓಪನ್ ಸರ್ಜರಿನೇ ಆಯ್ತು, ಲೋಹದ ವಾಲ್ವ್ ಹಾಕಿ, ತೂತಿಗೆ ಅವಳ ಹೃದಯದ ಹೊರಪೊರೆಯಿಂದ್ಲೇ ತೇಪೆ ಹೊಲಿದ್ರು. ಸರ್ಜನ್ ಹಾಳೆ ಮೇಲೆ ಚಿತ್ರ ಬರ್ದು ಅಮ್ಮಂಗೆ ಅರ್ಥ ಆಗೋವರ್ಗೂ ಹೇಳಿದ್ರು, ಅದಕ್ಕೇ ಫುಲ್ ಮಾರ್ಕ್ಸ್. ಇನ್ನು ರಕ್ತ ಹೆಪ್ಪುಗಟ್ಟದ ಹಾಗೆ ಜೀವನಪೂರ್ತಿ ವಾರ್ಫರಿನ್ ಮಾತ್ರೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಕ್ಕೆ ಎಷ್ಟು ಹೊತ್ತು ಹಿಡಿಯತ್ತೆ ಅನ್ನೋ ಲೆಕ್ಕ) 2.5ರಿಂದ 3.5ರೊಳಗೆ ಇರ್ಬೇಕು, ಸೊಪ್ಪಿಂದ ಮಾತ್ರೆ ಕೆಲಸ ಏರುಪೇರಾಗತ್ತೆ, ಅದಕ್ಕೇ ಅದನ್ನ ಒಂದಿನ ಜಾಸ್ತಿ ಒಂದಿನ ಕಮ್ಮಿ ತಿನ್ನಂಗಿಲ್ಲ. ಮೊನ್ನೆ ಅಕ್ಕ ಎಲ್ಲೂ ನಿಲ್ದೆ ಎರಡು ಮಹಡಿ ಹತ್ತಿ ಬಂದ್ಲು, ಅಮ್ಮ ಅತ್ತೇಬಿಟ್ರು.