ಹಡಗಿನಲ್ಲಿ ಕೈಕೂಸು: ದೊಡ್ಡ ಸ್ಟ್ರೋಲರ್, ಸಣ್ಣ ಸ್ಟ್ರೋಲರ್, ಬೇಬಿ ಕ್ಯಾರಿಯರ್

ಮೊದಲೇ ಹೇಳಿಬಿಡುತ್ತೇನೆ. ಕೈಕೂಸು ಕರೆದುಕೊಂಡು ಕ್ರೂಸಿಗೆ ಹೊರಟಿದ್ದರೆ ಒಂದು ಒಳ್ಳೆಯ ಬೇಬಿ ಕ್ಯಾರಿಯರ್ ತೆಗೆದುಕೊಳ್ಳಿ. ಸೊಂಟಕ್ಕೆ ಬೆಲ್ಟ್, ಎರಡು ಹೆಗಲಿಗೆ ಪಟ್ಟಿ, ಮಗು ಎದೆಗೆ. ದೊಡ್ಡ ಸ್ಟ್ರೋಲರ್, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿ, ಮನೆಯಲ್ಲೇ ಇರಲಿ. ಮಡಚುವ ಸಣ್ಣ ಸ್ಟ್ರೋಲರ್ ಯಾರಾದರೂ ಕೊಟ್ಟರೆ ಒಯ್ಯಿರಿ, ಇಲ್ಲದಿದ್ದರೂ ನಡೆಯುತ್ತದೆ. ಅವಸರ ಇರುವವರು ಇಲ್ಲಿಗೇ ನಿಲ್ಲಿಸಬಹುದು.

ನಾವು ಉಡುಪಿಯವರು. ಮುಂಬಯಿಯಿಂದ ಹೊರಟು ಲಕ್ಷದ್ವೀಪದ ಕಡೆ ಹೋಗಿ ಬರುವ ಹಡಗಿನಲ್ಲಿ ಹೋದೆವು. ಅತ್ತೆ, ಮಾವ, ನಾದಿನಿಯ ಮನೆಯವರು, ನಾವು. ನಮ್ಮ ಮಗಳಿಗೆ ಆಗ ಹತ್ತು ತಿಂಗಳು. ನಾದಿನಿಯ ಮಗನಿಗೆ ಒಂದೂವರೆ ವರ್ಷ. ಹೆಚ್ಚಿನ ಕ್ರೂಸ್ ಕಂಪನಿಗಳು 6 ತಿಂಗಳಿಗಿಂತ ಸಣ್ಣ ಮಗುವನ್ನು ಹತ್ತಿಸಿಕೊಳ್ಳುವುದಿಲ್ಲ. ಸಾಗರ ದಾಟುವಂಥ ಉದ್ದದ ಪ್ರಯಾಣಕ್ಕೆ 12 ತಿಂಗಳು ಕೇಳುತ್ತಾರೆ. ಟಿಕೆಟ್ ಮಾಡುವ ಮೊದಲು ಇದನ್ನು ನೋಡಿಕೊಳ್ಳಿ. ಹೊರಡುವ ದಿನಕ್ಕೆ ಮಗುವಿನ ವಯಸ್ಸು ಎಷ್ಟು ಎಂಬುದು ಲೆಕ್ಕ.

ದೊಡ್ಡ ಸ್ಟ್ರೋಲರ್ ದುಬಾಯಿಯಲ್ಲಿರುವ ಭಾವ ತಂದುಕೊಟ್ಟದ್ದು. ದಪ್ಪ ಚಕ್ರ, ಪೂರ್ತಿ ಮಲಗುವ ಸೀಟು, ಕೆಳಗೆ ಒಂದು ವಾರದ ತರಕಾರಿ ಹಿಡಿಯುವ ಬುಟ್ಟಿ. 12 ಕಿಲೋ ತೂಕ. ನೋಡಲು ಚಂದ, ಸುಳ್ಳು ಹೇಳಬಾರದು. ಸಣ್ಣದು ನಾದಿನಿಯದ್ದು, ಸುಮಾರು 8 ಸಾವಿರದ್ದು, ಮಡಚಿದರೆ ಸೂಟ್‌ಕೇಸಿನಷ್ಟಾಗುತ್ತದೆ. ಕ್ಯಾರಿಯರ್ ನಾನು ಆನ್‌ಲೈನಿನಲ್ಲಿ ಮೂರೂವರೆ ಸಾವಿರಕ್ಕೆ ತರಿಸಿದ್ದು. ಹಡಗಿನಲ್ಲಿ ಮೂರನ್ನೂ ಅದಲುಬದಲು ಮಾಡಿ ಬಳಸಿದೆವು.

ದೊಡ್ಡದರ ಕಿರಿಕಿರಿ ಉಡುಪಿಯ ಇಂದ್ರಾಳಿ ರೈಲ್ವೆ ಸ್ಟೇಷನ್ನಿನಲ್ಲೇ ಶುರು. ಮತ್ಸ್ಯಗಂಧ ರೈಲು ಅಲ್ಲಿ ನಿಲ್ಲುವುದೇ ಒಂದಿಷ್ಟು ಹೊತ್ತು. ಅಷ್ಟರಲ್ಲಿ ಮಗು, ಚೀಲ, ಅತ್ತೆಯ ಮೊಣಕಾಲು, ಈ ಗಾಡಿ ಎಲ್ಲ ಹತ್ತಬೇಕು. ಮಡಚಿದರೂ ಸೀಟಿನ ಅಡಿಗೆ ಹೋಗಲಿಲ್ಲ. ಕುರ್ಲಾದವರೆಗೆ ನಮ್ಮವರ ಕಾಲಿನ ಹತ್ತಿರವೇ ಅದರ ಪ್ರಯಾಣ. ಆದರೆ ಮುಂಬಯಿಯ ಟರ್ಮಿನಲ್ಲಿನಲ್ಲಿ ಅದೇ ಗಾಡಿ ರಾಣಿ. ಚೆಕ್-ಇನ್ ಸಾಲು ಉದ್ದ, ಮಗಳು ಒಳಗೆ ಮಲಗಿದ್ದಾಳೆ, ಚೀಲಗಳು ಬುಟ್ಟಿಯಲ್ಲಿವೆ, ನಮ್ಮ ಕೈ ಖಾಲಿ. ನಾದಿನಿ ಕೂಡ ಹೊಟ್ಟೆಕಿಚ್ಚಿನಿಂದ ನೋಡಿದಳು. ಆ ಖುಷಿ ಕ್ಯಾಬಿನ್ ಬಾಗಿಲಿನವರೆಗೆ ಮಾತ್ರ.

ಈಗ ಆ ಬಾಗಿಲಿನ ಕಥೆ. ಹಡಗಿನ ಸಾಮಾನ್ಯ ಕ್ಯಾಬಿನ್ ಬಾಗಿಲು ನಮ್ಮ ಮನೆಗಳ ಕೋಣೆ ಬಾಗಿಲಿನಷ್ಟು ಅಗಲ ಇರುವುದಿಲ್ಲ. ನಮ್ಮದು ಎರಡಡಿಗೂ ಒಂದು ಬೆರಳು ಕಡಿಮೆ. ಸ್ಟ್ರೋಲರಿನ ಹಿಂದಿನ ಚಕ್ರಗಳ ಅಗಲ ಎರಡಡಿಗೂ ಮೇಲೆ. ಓರೆ ಮಾಡಿ ನೋಡಿದೆವು, ಮುಂದಿನ ಚಕ್ರ ಎತ್ತಿ ನೋಡಿದೆವು. ಬಾಗಿಲಿನ ಬಣ್ಣ ಸ್ವಲ್ಪ ಹೋಯಿತು, ಗಾಡಿ ಹೋಗಲಿಲ್ಲ.

ಹೊರಗೆ ಬಿಟ್ಟರಾಯಿತು ಅಂತ ನಿಮಗೂ ಅನಿಸಬಹುದು. ಆಗುವುದಿಲ್ಲ. ಹಡಗಿನ ಕಾರಿಡಾರ್ ಅಂದರೆ ಬೆಂಕಿಯೋ ಇನ್ನೊಂದೋ ಆದಾಗ ಜನ ಓಡುವ ದಾರಿ. ಅಲ್ಲಿ ಏನೂ ಇಡುವಂತಿಲ್ಲ. ರೂಮು ನೋಡಿಕೊಳ್ಳುವ ಹುಡುಗ ನಗುನಗುತ್ತಲೇ ಹೇಳಿದ, ಆದರೆ ಹೇಳಿದ್ದು ಖಡಾಖಂಡಿತವಾಗಿಯೇ. ಅವನು ಹೇಳಿದ್ದು ಸರಿಯೇ, ಅದರಲ್ಲಿ ತಕರಾರಿಲ್ಲ.

ಹಾಗಾಗಿ ಪ್ರತಿ ಸಲ ಬಾಗಿಲಿನ ಎದುರು ಮಡಚಬೇಕು. ಮಡಚಲು ಎರಡು ಕೈ ಬೇಕು, ಒಂದು ಕಾಲೂ ಬೇಕು. ಸೀಟನ್ನು ಮೇಲೆತ್ತಿ ಕಳಚಿ, ಫ್ರೇಮಿನ ಎರಡು ಗುಂಡಿ ಒಟ್ಟಿಗೆ ಒತ್ತಿ, ಕೆಳಗಿನ ಪೆಡಲ್ ತುಳಿಯಬೇಕು. ಅಷ್ಟು ಹೊತ್ತು ಮಗು ಎಲ್ಲಿ? ಒಬ್ಬರೇ ಇದ್ದರೆ ಕಾರಿಡಾರಿನ ಕಾರ್ಪೆಟ್ ಮೇಲೆ. ಹತ್ತು ತಿಂಗಳ ಮಗು ಕೂತಲ್ಲೇ ಕೂರುತ್ತದೆಯೇ? ನಾನು ಪೆಡಲ್ ತುಳಿಯುವಷ್ಟರಲ್ಲಿ ಅವಳು ಅಂಬೆಗಾಲಿಟ್ಟು ಎದುರಿನ ಕ್ಯಾಬಿನ್ನಿನ ಬಾಗಿಲು ಬಡಿಯುತ್ತಿದ್ದಳು. ಆ ಕ್ಯಾಬಿನ್ನಿನ ಗುಜರಾತಿ ಅಜ್ಜಿ ಪಾಪ ಒಳ್ಳೆಯವರು, ಆಮೇಲಾಮೇಲೆ ಬಿಸ್ಕತ್ತು ಹಿಡಿದುಕೊಂಡೇ ಬಾಗಿಲು ತೆರೆಯುತ್ತಿದ್ದರು.

ಇದಕ್ಕಿಂತ ದೊಡ್ಡ ಸಂಕಟ ನಿದ್ದೆಯದ್ದು. ನನ್ನ ಮಗಳಿಗೆ ಗಾಡಿ ಓಡುತ್ತಿದ್ದರೆ ನಿದ್ದೆ. ಡೆಕ್ ಮೇಲೆ ಎರಡು ಸುತ್ತು ತಳ್ಳಿದರೆ ಕಣ್ಣು ಮುಚ್ಚುತ್ತಾಳೆ. ಮನೆಯಲ್ಲಾದರೆ ಗಾಡಿ ಸಮೇತ ಕೋಣೆಗೆ ತಳ್ಳಿ ಫ್ಯಾನ್ ಹಾಕಿದರೆ ಮುಗಿಯಿತು. ಇಲ್ಲಿ ಬಾಗಿಲಿನಲ್ಲಿ ಎತ್ತಬೇಕು. ಎತ್ತಿದ ಕೂಡಲೇ ಎಚ್ಚರ. ಎಚ್ಚರವಾದ ಕೂಡಲೇ ರಾಗ. ಕೊನೆಗೆ ಅವಳು ಮಲಗಿರುವಷ್ಟು ಹೊತ್ತು ಲಿಫ್ಟಿನ ಹತ್ತಿರದ ಸೋಫಾದಲ್ಲಿ ಗಾಡಿ ಪಕ್ಕ ಕೂರುವುದು ನನ್ನ ಕೆಲಸವಾಯಿತು. ಸಮುದ್ರ ನೋಡಲು ದುಡ್ಡು ಕೊಟ್ಟು ಬಂದು ಲಿಫ್ಟಿನ ಬಾಗಿಲು ನೋಡಿದ್ದೇ ಬಂತು. ಮಡಚಿ ಒಳಗೆ ತಂದರೂ ಸುಖವಿಲ್ಲ. ಸೂಟ್‌ಕೇಸುಗಳೆಲ್ಲ ಮಂಚದ ಅಡಿಗೆ ಹೋದವು. ಗಾಡಿ ಹೋಗಲಿಲ್ಲ, ಬಚ್ಚಲ ಬಾಗಿಲಿಗೆ ಅಡ್ಡ ನಿಂತಿತು. ರಾತ್ರಿ ಎದ್ದವರೆಲ್ಲ ಅದಕ್ಕೆ ಎಡವಿದರು.

ನಾದಿನಿಯ ಸಣ್ಣ ಸ್ಟ್ರೋಲರಿಗೆ ಈ ಗೋಳಿಲ್ಲ. ಒಂದೂವರೆ ಅಡಿ ಅಗಲ, ಬಾಗಿಲಿನಲ್ಲಿ ಸಲೀಸಾಗಿ ಹೋಗುತ್ತದೆ. ಒಂದೇ ಕೈಯಲ್ಲಿ ಮಡಚಬಹುದು. ಆದರೆ ಸೀಟು ಪೂರ್ತಿ ಮಲಗುವುದಿಲ್ಲ. ಕೂತು ಅಭ್ಯಾಸವಾದ ಮಕ್ಕಳಿಗೆ ಸರಿ. ಚಕ್ರ ಸಣ್ಣದಾದ್ದರಿಂದ ಡೆಕ್ಕಿಗೆ ಹೋಗುವ ಬಾಗಿಲಿನ ಹೊಸ್ತಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನೀರು ಒಳಗೆ ಬರಬಾರದೆಂದು ಹಡಗಿನಲ್ಲಿ ಆ ಹೊಸ್ತಿಲು ಎತ್ತರ ಇಟ್ಟಿರುತ್ತಾರೆ. ಇನ್ನೊಂದು ಮಾತು, ಯಾವ ಸ್ಟ್ರೋಲರ್ ಆದರೂ ಡೆಕ್ಕಿನಲ್ಲಿ ನಿಲ್ಲಿಸಿದ ಕೂಡಲೇ ಬ್ರೇಕ್ ಹಾಕಿ. ಹಡಗು ಓಲಾಡುವುದು ನಮಗೆ ಗೊತ್ತೇ ಆಗುವುದಿಲ್ಲ, ಚಕ್ರಕ್ಕೆ ಗೊತ್ತಾಗುತ್ತದೆ. ನೆರಳಿನ ಕೊಡೆ ಬಿಚ್ಚಿದ್ದರೆ ಗಾಳಿ ಬೇರೆ ಎಳೆಯುತ್ತದೆ.

ಊಟದ ಹೊತ್ತಿಗೆ ಲಿಫ್ಟಿನಲ್ಲಿ ದೊಡ್ಡದಕ್ಕೂ ಸಣ್ಣದಕ್ಕೂ ಜಾಗ ಸಿಗುವುದು ಕಷ್ಟ. ಕ್ಯಾರಿಯರ್ ಹಾಕಿದವರು ಮೆಟ್ಟಿಲು ಹತ್ತಬಹುದು.

ಇನ್ನು ನನ್ನ ಮೆಚ್ಚಿನ ಕ್ಯಾರಿಯರ್. ಇದರ ದೊಡ್ಡ ಗುಣ ಅಂದರೆ ಇದಕ್ಕೆ ಜಾಗವೇ ಬೇಡ. ಹಡಗಿನ ಕ್ಯಾಬಿನ್ ಗೋಡೆ ಹೆಚ್ಚಾಗಿ ಉಕ್ಕಿನ ತಗಡು. ಮಂಗಳೂರಿನಲ್ಲಿ ತೆಗೆದುಕೊಂಡ ಆಯಸ್ಕಾಂತದ ಕೊಕ್ಕೆ ಒಂದನ್ನು ಗೋಡೆಗೆ ಅಂಟಿಸಿ ಕ್ಯಾರಿಯರನ್ನು ಅದಕ್ಕೇ ನೇತುಹಾಕಿದೆವು. ಮಗು ಮಲಗಿದ್ದರೆ ಬಾಗಿಲು ತೆರೆದು ಹಾಗೇ ಒಳಗೆ ಬರಬಹುದು. ಮಂಚದ ತುದಿಯಲ್ಲಿ ಕೂತು, ಬಗ್ಗಿ, ಹಿಂದಿನ ಬಕಲ್ ತೆಗೆದು ತೊಟ್ಟಿಲಿಗೆ ಜಾರಿಸಿದರೆ ಅರ್ಧದಷ್ಟು ಸಲವಾದರೂ ನಿದ್ದೆ ಕೆಡುವುದಿಲ್ಲ. ಬಕಲ್ ಟಕ್ಕೆನ್ನುತ್ತದೆ. ಅದನ್ನು ಅಂಗೈಯಲ್ಲಿ ಅದುಮಿ ಹಿಡಿದು ತೆಗೆಯುವುದನ್ನು ಮನೆಯಲ್ಲೇ ಕಲಿತುಕೊಳ್ಳಿ. ತೊಟ್ಟಿಲು, ಅಂದರೆ ಬಲೆಯ ಮಡಚು ಮಂಚ, ಹಡಗಿನವರೇ ಕೊಟ್ಟರು. ಬುಕ್ ಮಾಡುವಾಗಲೇ ಕೇಳಬೇಕು. ಸೀರೆಯ ಜೋಲಿ ಕಟ್ಟೋಣ ಅಂತ ಅತ್ತೆ ಹಳೆಯ ಹತ್ತಿ ಸೀರೆ ತಂದಿದ್ದರು. ಕಟ್ಟಲು ಅಲ್ಲಿ ಜಂತಿ ಎಲ್ಲಿಂದ ಬರಬೇಕು!

ಅತ್ತೆಗೆ ಕ್ಯಾರಿಯರ್ ಮೇಲೆ ಅನುಮಾನ ಇತ್ತು. "ಎಂತ ಇದು, ಮಗುವಿನ ಕಾಲು ಹೀಗೆ ಅಗಲ ಆಗಿಯೇ ಉಳಿದ್ರೆ?" ಅಂತ ಕೇಳಿದರು. ನಿಜ ಉಲ್ಟಾ. ಕಾಲು ಸುಮ್ನೆ ಕೆಳಗೆ ನೇತಾಡುವ ಕ್ಯಾರಿಯರ್ ಒಳ್ಳೆಯದಲ್ಲ. ಬಟ್ಟೆ ಒಂದು ಮಂಡಿಯಿಂದ ಇನ್ನೊಂದು ಮಂಡಿಯವರೆಗೆ ಇರಬೇಕು, ಮಂಡಿ ಕುಂಡೆಗಿಂತ ಸ್ವಲ್ಪ ಮೇಲೆ ಇರಬೇಕು. ಸೊಂಟದ ಕೀಲಿಗೆ ಅದೇ ಸರಿ ಅಂತ ನಮ್ಮ ಮಕ್ಕಳ ಡಾಕ್ಟರೂ ಹೇಳಿದ್ದರು. ಮಗುವಿನ ಮುಖ ನಮಗೆ ಕಾಣಬೇಕು, ಬಗ್ಗಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಎತ್ತರದಲ್ಲಿರಬೇಕು, ಗಲ್ಲ ಎದೆಗೆ ಒತ್ತಿಕೊಂಡಿರಬಾರದು. ಗಲ್ಲ ಒತ್ತಿದರೆ ಉಸಿರಾಟಕ್ಕೆ ತೊಂದರೆ. ಮಾವನಿಗೆ ಮಾತ್ರ ಮೊದಲ ದಿನವೇ ಹಿಡಿಸಿತು, ಬೆಲ್ಟ್ ಅವರ ಹೊಟ್ಟೆಗೆ ಸಾಲಲಿಲ್ಲ ಅಷ್ಟೇ.

ದೋಷ ಇಲ್ಲವೇ? ಉಂಟು. ಮೊದಲನೆಯದು ಸೆಕೆ. ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಡೆಕ್ಕಿನಲ್ಲಿ ಹತ್ತು ಗಂಟೆಯ ಮೇಲೆ ನನ್ನ ಎದೆ, ಅವಳ ಹೊಟ್ಟೆ ಎರಡೂ ಒದ್ದೆ. ಜಾಲರಿ ಬಟ್ಟೆಯದ್ದೇ ತೆಗೆದುಕೊಳ್ಳಿ, ದಪ್ಪ ಹತ್ತಿಯದ್ದು ಬೇಡ. ಎರಡನೆಯದು ಊಟ. ಮಗುವನ್ನು ಎದೆಗೆ ಕಟ್ಟಿಕೊಂಡು ಬಿಸಿ ಸಾರು, ಚಹಾ ಹಿಡಿಯಬೇಡಿ, ಅವಳು ಕೈ ಹಾಕುವುದು ನೇರ ಲೋಟಕ್ಕೇ. ಆ ಹೊತ್ತಿಗೆ ಎತ್ತರದ ಕುರ್ಚಿ ಕೇಳಿ ತರಿಸಿಕೊಳ್ಳುವುದು ಒಳ್ಳೆಯದು.

ಮೂರನೆಯದು ಲೈಫ್ ಜಾಕೆಟ್, ಇದರಲ್ಲಿ ಉದಾಸೀನ ಬೇಡ. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಹವಳದ ದಿಬ್ಬದ ಒಳಗೆ ನೀರು ಆಳ ಇಲ್ಲ. ದೂರದಲ್ಲಿ ನಿಂತು, ಅಲ್ಲಿಂದ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಹಡಗಿನ ಮಗ್ಗುಲಿನ ಬಾಗಿಲಿನಿಂದ ಏರಿಳಿಯುವ ದೋಣಿಗೆ ಕಾಲಿಡಬೇಕು. ಅಲ್ಲಿ ಸ್ಟ್ರೋಲರಿನ ಮಾತೇ ಇಲ್ಲ, ದೊಡ್ಡದೂ ಇಲ್ಲ, ಸಣ್ಣದೂ ಇಲ್ಲ. ಹಾಗಂತ ಕ್ಯಾರಿಯರಿನಲ್ಲೂ ದೋಣಿಯಲ್ಲಿ ಕೂರಬಾರದು. ದೊಡ್ಡವರ ಜಾಕೆಟ್ ಹಾಕಿದ ಮೇಲೆ ಮಗುವನ್ನು ಕಟ್ಟಿಕೊಳ್ಳಲು ಜಾಗವೂ ಇರುವುದಿಲ್ಲ, ನೀರಿಗೆ ಬಿದ್ದರೆ ನಮಗೆ ಬಿಗಿದ ಮಗುವನ್ನು ಬಿಡಿಸುವುದೂ ಕಷ್ಟ. ಮಗುವಿಗೆ ಅದರದ್ದೇ ಜಾಕೆಟ್ ಬೇಕು. ಅಂತಾರಾಷ್ಟ್ರೀಯ ಹಡಗು ನಿಯಮದಲ್ಲಿ 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಬೇರೆ ಅಳತೆಯ ಜಾಕೆಟ್ ಉಂಟು. 24 ಗಂಟೆ ದಾಟುವ ಪ್ರಯಾಣದಲ್ಲಿ ಹಡಗಿನಲ್ಲಿರುವ ಪ್ರತಿ ಕೂಸಿಗೂ ಒಂದು ಇರಲೇಬೇಕು. ಹತ್ತಿದ ದಿನವೇ ಕೇಳಿ ಕ್ಯಾಬಿನ್ನಿಗೆ ತರಿಸಿಕೊಳ್ಳಿ, ಹಾಕಿ ನೋಡಿ. ನನ್ನ ಮಗಳು ಅದನ್ನು ಹಾಕಿದ ಕೂಡಲೇ ಆಮೆ ಮಗುಚಿದ ಹಾಗೆ ಬಿದ್ದುಕೊಂಡು ಅತ್ತಳು. ಆ ಅಳು ದೋಣಿಯ ಬಾಗಿಲಿನಲ್ಲಿ ಆಗುವುದಕ್ಕಿಂತ ಕ್ಯಾಬಿನ್ನಿನಲ್ಲೇ ಆಗಿ ಮುಗಿಯಲಿ. ದೋಣಿಯಲ್ಲಿ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು, ಕ್ಯಾರಿಯರನ್ನು ಸುತ್ತಿ ಚೀಲಕ್ಕೆ ಹಾಕಿದೆ. ಮರಳಿಗೆ ಇಳಿದ ಮೇಲೆ ಮತ್ತೆ ಕಟ್ಟಿಕೊಂಡೆ. ನಾದಿನಿ ಮಗನನ್ನು ಸೊಂಟದ ಮೇಲೆ ಹೊತ್ತು ಹೊತ್ತು ಸಂಜೆ ಅಮೃತಾಂಜನ ಕೇಳಿದಳು.

ಮೂರಕ್ಕೂ ಸಂಬಂಧ ಇಲ್ಲದ ಒಂದೆರಡು ಮಾತು. ಎಲೆಕ್ಟ್ರಿಕ್ ಕೆಟಲ್ ಒಯ್ಯಬೇಡಿ, ಬೆಂಕಿಯ ಭಯಕ್ಕೆ ಹಡಗಿನವರು ತೆಗೆದಿಟ್ಟುಕೊಳ್ಳುತ್ತಾರೆ. ಒಳ್ಳೆಯ ಫ್ಲಾಸ್ಕ್ ಒಯ್ದರೆ ಊಟದ ಹಾಲ್‌ನಲ್ಲಿ ಬಿಸಿನೀರು ತುಂಬಿಸಿಕೊಡುತ್ತಾರೆ. ರಾಗಿ ಮಣ್ಣಿಯನ್ನು ಒಲೆಯ ಮೇಲೆ ಕುದಿಸಲೇಬೇಕು, ಹಾಗಾಗಿ ಅಲ್ಲಿ ಅದು ಆಗದು. ಬಿಸಿನೀರಿಗೆ ಕಲಸಿದರೆ ಸಾಕಾಗುವ, ಸೀಲು ಒಡೆಯದ ಪ್ಯಾಕೆಟ್ ಒಯ್ಯಿರಿ. ಡಯಾಪರ್ ಹಾಕುವ ಮಕ್ಕಳನ್ನು ಹೆಚ್ಚಿನ ಹಡಗುಗಳಲ್ಲಿ ಈಜುಕೊಳಕ್ಕೆ ಬಿಡುವುದಿಲ್ಲ, ಈಜಿನ ಡಯಾಪರ್ ಹಾಕಿದರೂ ಇಲ್ಲ. ಸುಮ್ನೆ ಅದಕ್ಕೆ ದುಡ್ಡು ಹಾಕಬೇಡಿ.

ನಮ್ಮ ಕಡೆಯವರಿಗೆ ಒಂದು ಅನುಕೂಲ ಉಂಟು. ಕ್ರೂಸಿಗೆ ದುಡ್ಡು ಕಟ್ಟುವ ಮೊದಲು ಒಂದು ಭಾನುವಾರ ಮಲ್ಪೆಗೆ ಹೋಗಿ, ಸೇಂಟ್ ಮೇರೀಸ್ ದ್ವೀಪದ ಬೋಟು ಹತ್ತಿ. ಮಳೆಗಾಲ ಬಿಟ್ಟು ಉಳಿದ ಸಮಯದಲ್ಲಿ ಓಡುತ್ತದೆ. ಬೋಟಿಗೆ ಹತ್ತುವುದು, ಜಾಕೆಟ್, ಗಾಳಿ, ಮರಳು, ಆ ಕಲ್ಲುಕಂಬಗಳ ನಡುವೆ ಮಗು ಹೊತ್ತು ನಡೆಯುವುದು ಎಲ್ಲ ಒಂದೇ ಬೆಳಗ್ಗೆ ಗೊತ್ತಾಗುತ್ತದೆ. ಮಗುವಿಗೆ ಅಲೆ ಹಿಡಿಸುತ್ತದೋ ಇಲ್ಲವೋ ಅದೂ ಗೊತ್ತಾಗುತ್ತದೆ. ರಥಬೀದಿಯಲ್ಲಿ ಸ್ಟ್ರೋಲರ್ ತಳ್ಳಿ ನೋಡಿದರೆ ಇದೊಂದೂ ತಿಳಿಯುವುದಿಲ್ಲ.

ನನ್ನ ಲೆಕ್ಕ ಇಷ್ಟು. ನಾವು ನಡೆಯುವವರು, ರೈಲಿನಲ್ಲಿ ಹೋಗುವವರು, ಕಿಟಕಿ ಕೂಡ ಇಲ್ಲದ ಅಗ್ಗದ ಕ್ಯಾಬಿನ್ ಹಿಡಿಯುವವರು. ಮೂರೂವರೆ ಸಾವಿರದ ಕ್ಯಾರಿಯರ್ ಈಗಲೂ ವಾರದ ಸಂತೆಗೆ, ಬಸ್ಸಿಗೆ, ಕಟೀಲಿಗೆ ಬಳಕೆಯಾಗುತ್ತಿದೆ. ಕೈಯಲ್ಲಿ ಹತ್ತು ಹನ್ನೆರಡು ಸಾವಿರ ಇದ್ದರೆ ಕ್ಯಾರಿಯರಿನ ಜೊತೆಗೆ ಸಣ್ಣ ಸ್ಟ್ರೋಲರೂ ಇರಲಿ, ಟರ್ಮಿನಲ್ಲಿನ ಸಾಲಿಗೆ ಅದು ಒಳ್ಳೆಯದು. ಬೆನ್ನುನೋವು ಇರುವವರು, ಅವಳಿ ಮಕ್ಕಳಿರುವವರು, ಮಗು ಹನ್ನೆರಡು ಕಿಲೋ ದಾಟಿರುವವರು ನನ್ನ ಮಾತು ಬಿಟ್ಟು ಸ್ಟ್ರೋಲರನ್ನೇ ಒಯ್ಯಬೇಕಾಗುತ್ತದೆ. ಹಾಗಾದರೆ ಬುಕ್ ಮಾಡುವಾಗ ಕ್ಯಾಬಿನ್ ಬಾಗಿಲಿನ ಅಗಲ ಎಷ್ಟು ಸೆಂಟಿಮೀಟರ್ ಅಂತ ಬರೆದು ಕೇಳಿ. ಬಾಯಿಮಾತಿನ "ಹೋಗುತ್ತದೆ ಮೇಡಂ" ಸಾಕಾಗುವುದಿಲ್ಲ.